ಅಪ್ಪನ ಖಾತೆ ಮಗನ ಫೋನಿನಲ್ಲಿ: ಧಾರವಾಡದ ಒಬ್ಬ ಪಿಜಿ ಹುಡುಗನ ಪ್ರಕರಣ

ನನ್ನ ಅಕ್ಕನ ಮಗನಿಗೆ ಈಗ 16 ವರ್ಷ. ಊರು ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಓದಲು ಧಾರವಾಡಕ್ಕೆ ಬಂದ. ನಮ್ಮ ಮನೆಯಲ್ಲೇ ಇರು ಅಂದೆವು. ಆದರೆ ಬೆಳಿಗ್ಗೆ ಆರಕ್ಕೇ ಕೋಚಿಂಗ್, ಹತ್ತಿರ ಇದ್ದರೆ ಒಳ್ಳೆಯದು ಅಂತ ಸಪ್ತಾಪುರದಲ್ಲಿ ಒಂದು ಪಿಜಿ ಹಿಡಿದರು. ಒಂದು ರೂಮಿಗೆ ನಾಲ್ಕು ಹುಡುಗರು, ಊಟ ಅಲ್ಲೇ. ನಾನು ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ರೊಕ್ಕದ ವಿಷಯ ಏನೇ ಬಂದರೂ ಮನೆಯವರೆಲ್ಲ ನನಗೇ ಫೋನ್ ಮಾಡುತ್ತಾರೆ. ಈ ಸಲ ಮಾತ್ರ ಫೋನ್ ಬರುವಷ್ಟರಲ್ಲಿ ಆರು ದಿನ ಕಳೆದಿತ್ತು.

ಆ ಆರು ದಿನ ಯಾಕೆ ಕಳೆಯಿತು ಅನ್ನುವುದೇ ಈ ಪ್ರಕರಣದ ಮುಖ್ಯ ಭಾಗ ಅಂತ ನನಗೆ ಅನ್ನಿಸುತ್ತದೆ. ಮೊದಲಿಂದ ಹೇಳುತ್ತೇನೆ.

ಪಿಜಿ ಬಾಡಿಗೆಯನ್ನು ಭಾವ ನೇರವಾಗಿ ಮಾಲೀಕರಿಗೆ ಕೊಡುತ್ತಿದ್ದರು. ಹುಡುಗನ ಕೈಖರ್ಚಿಗೆ ತಿಂಗಳಿಗೆ 2000 ರೂಪಾಯಿ. ಝೆರಾಕ್ಸ್, ನೋಟ್ಸ್, ಸಂಜೆಗೆ ಗಿರ್ಮಿಟ್ಟೋ ಮಿರ್ಚಿಯೋ, ಭಾನುವಾರ ಗೆಳೆಯರ ಜೊತೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದರೆ ದುರ್ಗದಬೈಲಿನಲ್ಲಿ ಏನಾದರೂ ತಿನ್ನುವುದು, ಇಷ್ಟೇ. ಮೊದಲು ನಗದು ಕೊಡುತ್ತಿದ್ದರು. ದಸರಾ ಹೊತ್ತಿಗೆ ಅವನ ಟ್ರಂಕಿನಿಂದ 1400 ರೂಪಾಯಿ ಹೋಯಿತು. ಬೀಗ ಮುರಿದಿರಲಿಲ್ಲ, ಬಟ್ಟೆ ಚೆಲ್ಲಾಡಿರಲಿಲ್ಲ, ರೊಕ್ಕ ಮಾತ್ರ ಇರಲಿಲ್ಲ. ಯಾರನ್ನು ಕೇಳುವುದು? ನಾಲ್ಕೂ ಮಂದಿ ಮಕ್ಕಳೇ. ಯಾರ ಮೇಲೆ ಅನುಮಾನ ಪಟ್ಟರೂ ಅದೇ ರೂಮಿನಲ್ಲಿ ಎರಡು ವರ್ಷ ಕಳೆಯಬೇಕು. ಹುಡುಗ ಸುಮ್ಮನಾದ.

ಆಗ ಭಾವ ಒಂದು ಉಪಾಯ ಮಾಡಿದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದನ್ನೇ ಮಾಡುತ್ತಾರೆ, ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿದ್ದು. ಅವರ ಬ್ಯಾಂಕ್ ಖಾತೆಗೆ ಜೋಡಿಸಿದ ಸಿಮ್ ಅವರ ಸ್ಮಾರ್ಟ್‌ಫೋನಿನಲ್ಲಿತ್ತು. ಆ ಫೋನನ್ನೇ ಸಿಮ್ ಸಮೇತ ಮಗನಿಗೆ ಕೊಟ್ಟರು. ಯುಪಿಐ ಪಿನ್ ಹೇಳಿಕೊಟ್ಟರು. ತಾವು ಬೇರೆ ನಂಬರಿನ ಬಟನ್ ಫೋನ್ ಇಟ್ಟುಕೊಂಡರು. "ಹೆಂಗೂ ನನಗ ಇದು ಬರೂದಿಲ್ಲ, ಅವಗ ಬರತೈತಿ, ಬೇಕಾದಾಗ ಅವ್ನ ಹಾಕ್ತಾನ" ಅಂತ ನನಗೂ ಹೇಳಿದ್ದರು. ನಾನು ಹೂಂ ಅಂದಿದ್ದೆ. ಆಗಲೇ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ, ಅದು ನನ್ನ ತಪ್ಪು.

ಒಮ್ಮೆ ಯೋಚನೆ ಮಾಡಿ ನೋಡಿ. ಹುಡುಗನಿಗೆ ಬೇಕಿದ್ದದ್ದು ತಿಂಗಳಿಗೆ 2000. ಅವನ ಕೈಗೆ ಬಂದದ್ದು ಇಡೀ ಮನೆಯ ಖಾತೆ. ಜನವರಿಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡು ಬಿದ್ದ ಮೇಲೆ ಅದರಲ್ಲಿ 1 ಲಕ್ಷ 80 ಸಾವಿರದಷ್ಟು ಇತ್ತು. ಕೂಲಿಯವರಿಗೆ, ಗೊಬ್ಬರದ ಅಂಗಡಿಗೆ, ಸೊಸೈಟಿ ಸಾಲಕ್ಕೆ ಹೋಗಬೇಕಾದ ದುಡ್ಡು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ಖಾತೆಯಿಂದ ಏನೇ ಕಡಿತವಾದರೂ ಬ್ಯಾಂಕಿನ ಮೆಸೇಜ್ ಹೋಗುತ್ತಿದ್ದದ್ದು ಹುಡುಗನ ಫೋನಿಗೆ. ಖಾತೆ ಯಾರದೋ ಅವರಿಗೆ ಗೊತ್ತೇ ಆಗುವುದಿಲ್ಲ!

ಸೈಕಲ್ ಮಾರಲು ಹೋದದ್ದು

ಹುಡುಗ ಊರಿಂದ ತಂದಿದ್ದ ಸೈಕಲ್ ಪಿಜಿ ಮುಂದೆ ತುಕ್ಕು ಹಿಡಿಯುತ್ತಿತ್ತು. ಮಾರೋಣ ಅಂತ ಹಳೆ ಸಾಮಾನು ಮಾರುವ ಒಂದು ಜಾಲತಾಣದಲ್ಲಿ ಫೋಟೊ ಹಾಕಿದ. 4500 ರೂಪಾಯಿ ಅಂತ ಬರೆದ. ಅರ್ಧ ಗಂಟೆಯಲ್ಲಿ ಫೋನ್ ಬಂತು. ಹಿಂದಿಯಲ್ಲಿ ಮಾತು. ತಾನು ಮಿಲಿಟರಿಯವನು, ಹುಬ್ಬಳ್ಳಿಗೆ ವರ್ಗ ಆಗಿದೆ, ಸೈಕಲ್ ಮಗನಿಗೆ ಬೇಕು, ರೊಕ್ಕ ಈಗಲೇ ಹಾಕುತ್ತೇನೆ, ಗಾಡಿ ನಾಳೆ ಬರುತ್ತದೆ ಅಂತ. ಚೌಕಾಸಿ ಒಂದು ರೂಪಾಯಿಯೂ ಇಲ್ಲ. ನಂಬಿಕೆ ಬರಲಿ ಅಂತ ಮೊದಲು ಒಂದು ರೂಪಾಯಿ ಕಳಿಸಿದ, ಅದು ನಿಜವಾಗಿಯೂ ಬಂತು. ಆಮೇಲೆ ವಾಟ್ಸಾಪಿನಲ್ಲಿ ಕ್ಯೂಆರ್ ಕೋಡಿನ ಚಿತ್ರ ಬಂತು. "ಇದನ್ನು ಸ್ಕ್ಯಾನ್ ಮಾಡು, ಪಿನ್ ಹಾಕು, ನಿನ್ನ ಖಾತೆಗೆ 4500 ಜಮಾ ಆಗುತ್ತದೆ."

ಹುಡುಗ ಆ ಚಿತ್ರವನ್ನು ರೂಮ್‌ಮೇಟಿಗೆ ಕಳಿಸಿ, ಅವನ ಫೋನಿನಲ್ಲಿ ತೆರೆದು, ತನ್ನ ಫೋನಿನಿಂದ ಸ್ಕ್ಯಾನ್ ಮಾಡಿದ. ಇಬ್ಬರೂ ಮಂಚದ ಮೇಲೆ ಕೂತು ಮಾಡಿದ್ದು. ಪರದೆ ಮೇಲೆ ಪೇ ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು, 4500 ಅಂತ ಅಂಕೆಯೂ ಇತ್ತು. ಪಿನ್ ಹಾಕಿದ. ರೊಕ್ಕ ಹೋಯಿತು. ಎದುರಿನವನು ಗಾಬರಿಯಾದವನ ಹಾಗೆ ಮಾತಾಡಿದ: ಅಯ್ಯೋ ತಪ್ಪಾಯಿತು, ಉಲ್ಟಾ ಹೋಗಿದೆ, ನಿಂದೂ ಸೇರಿಸಿ 9000 ವಾಪಸ್ ಹಾಕುತ್ತೇನೆ, ಇನ್ನೊಂದು ಕೋಡ್ ಕಳಿಸಿದ್ದೇನೆ ನೋಡು. ಹುಡುಗ ಅದನ್ನೂ ಮಾಡಿದ. ಒಟ್ಟು 13,500. ಮೂರನೇ ಕೋಡ್ ಬಂದಾಗ ರೂಮ್‌ಮೇಟ್ ಕೈ ಹಿಡಿದನಂತೆ.

"ಪೇ ಅಂತ ಓದಿದ್ಯಲ್ಲೋ?" ಅಂತ ಆಮೇಲೆ ಕೇಳಿದೆ. "ಓದೇನ್ರಿ ಮಾಮಾ. ಅವ್ರು ಪೇ ಮಾಡಾಕತ್ತಾರ ಅಂತ ತಿಳ್ಕೊಂಡೆ" ಅಂದ. ಹುಡುಗ ದಡ್ಡ ಅಲ್ಲ. ಗಣಿತದಲ್ಲಿ ನೂರಕ್ಕೆ 97 ತೆಗೆದವನು. ಆದರೆ ರೊಕ್ಕ ಪಡೆಯಲು ಪಿನ್ ಬೇಕಾಗಿಲ್ಲ, ಪಿನ್ ಹಾಕಿದರೆ ರೊಕ್ಕ ಹೋಗುವುದೇ ಹೊರತು ಬರುವುದಿಲ್ಲ ಅನ್ನುವ ಒಂದು ಮಾತನ್ನು ಅವನಿಗೆ ಯಾರೂ ಕೂರಿಸಿ ಹೇಳಿರಲಿಲ್ಲ. ಪಿನ್ ಹೇಳಿಕೊಟ್ಟರು, ಪಿನ್ ಯಾತಕ್ಕೆ ಅಂತ ಹೇಳಿಕೊಡಲಿಲ್ಲ. ಒಬ್ಬರಿಗೊಬ್ಬರು ದುಡ್ಡು ಕೇಳಿ ರಿಕ್ವೆಸ್ಟ್ ಕಳಿಸುವ ವ್ಯವಸ್ಥೆಯನ್ನು 2025ರ ಅಕ್ಟೋಬರಿನಿಂದ ಯುಪಿಐನಲ್ಲಿ ನಿಲ್ಲಿಸಿದ್ದಾರೆ, ಮೋಸ ಜಾಸ್ತಿ ಆಯಿತು ಅಂತಲೇ. ಆದರೆ ಕ್ಯೂಆರ್ ಕೋಡ್ ತೋರಿಸಿ ಪಿನ್ ಹಾಕಿಸುವವರನ್ನು ಅದು ತಡೆಯುವುದಿಲ್ಲ, ಯಾಕೆಂದರೆ ಅಲ್ಲಿ ಸ್ಕ್ಯಾನ್ ಮಾಡುವವನೇ ತನ್ನ ಕೈಯಾರೆ ಕಳಿಸುತ್ತಾನೆ.

ಆರು ದಿನ ಹುಡುಗ ಯಾರಿಗೂ ಹೇಳಲಿಲ್ಲ. ಕೋಚಿಂಗಿಗೆ ಹೋದ, ಬಂದ, ಊಟ ಬಿಟ್ಟ. ಭಾವ ಕೂಲಿಯವರಿಗೆ ಕೊಡಲು ದುಡ್ಡು ಬಿಡಿಸೋಣ ಅಂತ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಗೊತ್ತಾಯಿತು. ಅಕ್ಕ ಅಳುತ್ತಾ ನನಗೆ ಫೋನ್ ಮಾಡಿದಳು. ನಾನು ಪಿಜಿಗೆ ಹೋದರೆ ಹುಡುಗ ಬಾಗಿಲಲ್ಲೇ ನಿಂತು ಮೊದಲು ಅಂದದ್ದು ಇದು: "ಅಪ್ಪ ಓದೂದು ಬಿಡಸ್ತಾನ ಏನ್ರಿ?"

ಅಂದರೆ ಅಷ್ಟೂ ದಿನ ಅವನ ತಲೆಯಲ್ಲಿ ಓಡಿದ್ದು ಆ ಒಂದೇ ಭಯ.

ಅಲ್ಲಿಂದಲೇ ಸೈಬರ್ ಮೋಸದ ದೂರು ಹೇಳುವ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಯುಪಿಐ ಮೆಸೇಜಿನಲ್ಲಿ ಇರುವ 12 ಅಂಕೆಯ ರೆಫರೆನ್ಸ್ ನಂಬರ್, ಹೋದ ಸಮಯ, ಮೊತ್ತ ಎಲ್ಲ ಕೇಳಿದರು, ಚೆನ್ನಾಗಿಯೇ ಬರೆದುಕೊಂಡರು. ಆದರೆ ಎದುರಿನ ಖಾತೆಯಲ್ಲಿ ಆಗಲೇ ಏನೂ ಉಳಿದಿರಲಿಲ್ಲ. ಇಂಥ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಕೊನೆಗೆ ಎಲ್ಲೋ ಎಟಿಎಂನಲ್ಲಿ ನಗದಾಗುತ್ತದೆ. ಬೇಗ ಹೇಳಿದರೆ ಮಧ್ಯದಲ್ಲಿ ತಡೆಹಿಡಿಯಲು ಆಗುತ್ತದೆ, ಆರು ದಿನದ ಮೇಲೆ ಏನು ತಡೆಯುವುದು? ಬ್ಯಾಂಕಿನಲ್ಲೂ ಕೇಳಿದೆವು. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕೈವಾಡದಿಂದ ದುಡ್ಡು ಹೋಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ನಾವೇ ಪಿನ್ ಬಿಟ್ಟುಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದೇ. ಇಲ್ಲಿ ಪಿನ್ ಹಾಕಿದ್ದು ನಮ್ಮ ಹುಡುಗ, ಅದೂ ಅಪ್ಪನ ಪಿನ್. ಮಾತಾಡಲು ಏನೂ ಉಳಿಯಲಿಲ್ಲ. 13,500 ಈವರೆಗೂ ಬಂದಿಲ್ಲ.

ಫೋನ್ ಕಸಿದುಕೊಂಡ ತಿಂಗಳು

ಭಾವ ಬೈಯಲಿಲ್ಲ, ಹೊಡೆಯಲಿಲ್ಲ. ಫೋನ್ ವಾಪಸ್ ತೆಗೆದುಕೊಂಡು ಹೋದರು, ಅಷ್ಟೇ. ಹಳೆ ಪದ್ಧತಿ, ನಗದು. ನನಗೂ ಆಗ ಅದೇ ಸರಿ ಅನ್ನಿಸಿತ್ತು.

ಆದರೆ ಈಗಿನ ಹುಡುಗರಿಗೆ ಬರೀ ನಗದಿನಲ್ಲಿ ಬದುಕುವುದು ಕಷ್ಟ. ಒಂದು ಪರೀಕ್ಷೆಯ ಅರ್ಜಿ ಶುಲ್ಕ ಆನ್‌ಲೈನಿನಲ್ಲೇ ಕಟ್ಟಬೇಕಿತ್ತು. ಪಿಜಿಯ ಒಬ್ಬ ಸೀನಿಯರ್ ಹುಡುಗ ಅವನಿಂದ ನಗದು ಇಸ್ಕೊಂಡು ತನ್ನ ಫೋನಿನಿಂದ ಕಟ್ಟಿದ, ಮೇಲೆ 50 ರೂಪಾಯಿ ಕಮಿಷನ್. ಇದು ಅಲ್ಲಿ ದಿನನಿತ್ಯ ನಡೆಯುವ ವ್ಯವಹಾರ ಅಂತ ಆಗ ತಿಳಿಯಿತು. ಅದೇ ಹುಡುಗ ಇನ್ನೊಂದು ಮಾತೂ ಹೇಳಿದ್ದನಂತೆ: ನಿನ್ನ ಹೆಸರಿನಲ್ಲಿ ಒಂದು ಅಕೌಂಟ್ ತೆಗಿ, ನಮ್ಮ ಪರಿಚಯದವರ ದುಡ್ಡು ಬರುತ್ತದೆ, ತೆಗೆದು ಕೊಟ್ಟರೆ ಸಲಕ್ಕೆ 500 ಕೊಡುತ್ತಾರೆ. ನನಗೆ ಮೈ ಜುಮ್ ಅಂದಿತು. ನಮ್ಮ 13,500 ಹೋಗಿ ಬಿದ್ದದ್ದೂ ಇಂಥದ್ದೇ ಯಾರೋ ಹುಡುಗನ ಖಾತೆಗೆ ಇರಬಹುದು. ಪೊಲೀಸರು ಮೊದಲು ಬಂದು ಹಿಡಿಯುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರನ್ನೇ, 500 ರೂಪಾಯಿಗೆ ಆಸೆ ಪಟ್ಟ ಮಕ್ಕಳನ್ನೇ. ಇದನ್ನು ಹುಡುಗನಿಗೆ ಅವತ್ತೇ ರಾತ್ರಿ ಮನೆಗೆ ಕರೆದು, ಊಟ ಹಾಕಿ, ನಿಧಾನವಾಗಿ ಹೇಳಿದೆ.

ಆಗಲೇ ಅವನು ತಾನಾಗಿ ಇನ್ನೊಂದು ವಿಷಯ ಒಪ್ಪಿಕೊಂಡ. ಅಪ್ಪನ ಖಾತೆಯಿಂದ 600 ರೂಪಾಯಿ ಮೊಬೈಲ್ ಆಟದೊಳಗೆ ಬಂದೂಕು, ಅಂಗಿ ಅಂತ ಏನೇನೋ ಕೊಂಡಿದ್ದ. ದುಡ್ಡು ಕಟ್ಟಿ ಗೆಲ್ಲುವ ಆಟಗಳನ್ನು 2025ರ ಕಾನೂನು ನಿಷೇಧ ಮಾಡಿದೆ, ಆಟದೊಳಗಿನ ಇಂಥ ಖರೀದಿ ಬೇರೆ. ನಾನು ಬೈಯಲಿಲ್ಲ. ಕೇಳದೆ ಹೇಳಿದನಲ್ಲ, ಅದೇ ದೊಡ್ಡದು. ಆ ರಾತ್ರಿಯೇ ನನಗೆ ಪಕ್ಕಾ ಆಯಿತು: ಅವನ ಕೈಗೆ ಸಿಗುವ ದುಡ್ಡು ಸಣ್ಣದಿರಬೇಕು, ಮನೆ ದುಡ್ಡಿನಿಂದ ಬೇರೆ ಇರಬೇಕು, ಏನಾದರೂ ಎಡವಟ್ಟಾದರೆ ಅದೇ ನಿಮಿಷ ಹೇಳುವಷ್ಟು ಧೈರ್ಯ ಅವನಿಗಿರಬೇಕು.

ಏನೇನು ನೋಡಿದೆವು, ಏನು ಮಾಡಿದೆವು

ಮೊದಲು ಅವನ ಹೆಸರಿನಲ್ಲೇ ಖಾತೆ. ಒಂದು ಶಾಖೆಯಲ್ಲಿ "18 ಆಗಲಿ, ಆಮ್ಯಾಲ ಬರ್ರಿ" ಅಂದುಬಿಟ್ಟರು. ಅದು ಸರಿಯಲ್ಲ. 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ, 2025ರ ಏಪ್ರಿಲ್‌ನಲ್ಲಿ ಅದನ್ನೇ ಇನ್ನೂ ಬಿಡಿಸಿ ಹೇಳಿ ಸುತ್ತೋಲೆ ಕಳಿಸಿದೆ. ಎಷ್ಟು ಮೊತ್ತದವರೆಗೆ ನಡೆಸಬಹುದು, ಎಟಿಎಂ ಕಾರ್ಡ್ ಕೊಡಬೇಕೋ ಬೇಡವೋ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಇಂಥ ಖಾತೆಯಲ್ಲಿ ಇರುವ ದುಡ್ಡಿಗಿಂತ ಜಾಸ್ತಿ ತೆಗೆಯಲು ಬರುವುದಿಲ್ಲ, ಅಂದರೆ ಸಾಲ ಬೀಳುವ ಪ್ರಶ್ನೆಯೇ ಇಲ್ಲ. ಇನ್ನೊಂದು ಬ್ಯಾಂಕಿನಲ್ಲಿ ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡಿ ಒಂದೇ ದಿನದಲ್ಲಿ ತೆರೆದುಕೊಟ್ಟರು. ಹುಡುಗ ಸಹಿ ಮಾಡುವಾಗ ಕೈ ನಡುಗುತ್ತಿತ್ತು, ಎರಡು ಸಹಿ ಎರಡು ಥರ ಬಂದವು. ಕೌಂಟರಿನ ಮೇಡಂ ಒಂದು ರದ್ದಿ ಹಾಳೆ ಕೊಟ್ಟು "ಹತ್ತು ಸಲ ಬರಿ, ಆಮೇಲೆ ಇಲ್ಲಿ ಮಾಡು" ಅಂದರು.

ಈ ಖಾತೆಗೆ ರುಪೇ ಕಾರ್ಡ್ ಬಂತು. ಬಂದ ದಿನವೇ ಆ್ಯಪಿನಲ್ಲಿ ಟ್ಯಾಪ್ ಮಾಡಿ ಕೊಡುವುದೂ ವಿದೇಶಿ ವ್ಯವಹಾರವೂ ಬಂದ್ ಇವೆಯಾ ಅಂತ ನೋಡಿಕೊಂಡೆವು. ಟ್ಯಾಪ್ ಮಾಡಿದರೆ 5000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಹೋಗುತ್ತದೆ, ಕಳೆದುಹೋದ ಕಾರ್ಡು ಸಿಕ್ಕವರ ಪಾಲು. ಯಾವುದನ್ನು ಚಾಲೂ ಇಡಬೇಕು, ಯಾವುದು ಬಂದ್, ಮಿತಿ ಎಷ್ಟು ಅಂತ ನಾವೇ ಹೊಂದಿಸಿಕೊಳ್ಳುವ ಅವಕಾಶವನ್ನು ಬ್ಯಾಂಕುಗಳು ಕೊಡಲೇಬೇಕು ಅನ್ನುವ ನಿಯಮ 2020ರಿಂದ ಇದೆ. ಅದರಲ್ಲಿ ಸಾವಿರ ರೂಪಾಯಿ ಹಾಕಿಟ್ಟಿದ್ದೇವೆ, ಊರಿಗೆ ಹೋಗುವಾಗ, ಜ್ವರ ಬಂದಾಗ, ಇಂಥದ್ದಕ್ಕೆ.

ದಿನದ ಖರ್ಚಿಗೆ ಯುಪಿಐ ಸರ್ಕಲ್. 2024ರಲ್ಲಿ ಬಂದದ್ದು. ದೊಡ್ಡವರೊಬ್ಬರ ಖಾತೆ, ಅದರಿಂದ ಖರ್ಚು ಮಾಡುವ ಅವಕಾಶ ಮನೆಯ ಇನ್ನೊಬ್ಬರಿಗೆ. ಮಕ್ಕಳ ಫೋನಿನಲ್ಲಿ ಬ್ಯಾಂಕ್ ಖಾತೆ ಜೋಡಿಸಬೇಕಾಗಿಲ್ಲ, ಖಾತೆಯ ಪಿನ್ ಅವರಿಗೆ ಗೊತ್ತಿರಬೇಕಾಗಿಲ್ಲ. ನನಗೆ ಹಿಡಿಸಿದ್ದು ಇದೇ. ಪಿನ್ ಗೊತ್ತಿಲ್ಲದವನಿಂದ ಪಿನ್ ಹಾಕಿಸುವುದು ಹೇಗೆ? ಎರಡು ಬಗೆ ಇದೆ. ಒಂದರಲ್ಲಿ ಪ್ರತಿ ಸಲವೂ ದೊಡ್ಡವರ ಫೋನಿಗೆ ಕೋರಿಕೆ ಹೋಗುತ್ತದೆ, ಅವರು ಪಿನ್ ಹಾಕಿದರೆ ಮಾತ್ರ ದುಡ್ಡು ಹೋಗುತ್ತದೆ. ಇನ್ನೊಂದರಲ್ಲಿ ತಿಂಗಳಿಗೆ ಇಷ್ಟು ಅಂತ ಮೊದಲೇ ಮಿತಿ ಹಾಕಿಟ್ಟರೆ, ಅಷ್ಟರೊಳಗೆ ಮಕ್ಕಳೇ ಕೊಡಬಹುದು. ಆ ಮಿತಿ ತಿಂಗಳಿಗೆ 15,000, ಒಂದು ಸಲಕ್ಕೆ 5,000 ದಾಟುವ ಹಾಗಿಲ್ಲ.

ಯಾರ ಖಾತೆ? ಭಾವನದ್ದು ಬೇಡ ಅಂತ ನಾನು ಹಟ ಹಿಡಿದೆ. ಅಕ್ಕನ ಖಾತೆ ಇತ್ತು, ಗೃಹಲಕ್ಷ್ಮಿ ಹಣ ಬರುತ್ತಿದ್ದದ್ದು. ಎಟಿಎಂ ಕಾರ್ಡ್ ಇರಲಿಲ್ಲ, ಆಧಾರ್ ಒಟಿಪಿ ಮೇಲೆ ಯುಪಿಐ ಮಾಡಿಕೊಟ್ಟೆ. ಪ್ರತಿ ತಿಂಗಳು ಒಂದನೇ ತಾರೀಖು ಭಾವ ಅದಕ್ಕೆ 3000 ಹಾಕುತ್ತಾರೆ. ಹುಡುಗನಿಗೆ ನನ್ನ ಹಳೆ ಫೋನ್, ಹೊಸ ಸಿಮ್. 18 ಆಗದವರ ಹೆಸರಿನಲ್ಲಿ ಸಿಮ್ ಕೊಡುವುದಿಲ್ಲ, ಆದ್ದರಿಂದ ಭಾವನ ಹೆಸರಿನಲ್ಲೇ. ಬ್ಯಾಂಕಿಗೆ ಜೋಡಿಸಿದ ಸಿಮ್ ಮಾತ್ರ ಭಾವನ ಫೋನಿನಲ್ಲೇ ಉಳಿಯಿತು, ಪಿನ್ ಬದಲಾಯಿತು.

ಮಕ್ಕಳಿಗೆಂದೇ ಬರುವ ಪ್ರೀಪೇಯ್ಡ್ ಕಾರ್ಡು, ವಾಲೆಟ್ಟುಗಳನ್ನೂ ನೋಡಿದೆ. ಮೊದಲೇ ತುಂಬಿದಷ್ಟೇ ಖರ್ಚಾಗುತ್ತದೆ, ಅದು ಒಳ್ಳೆಯದೇ. ಆದರೆ ಇನ್ನೊಂದು ಆ್ಯಪ್, ಇನ್ನೊಂದು ಕೆವೈಸಿ. ಅಕ್ಕನಿಗೆ ಒಂದೇ ಸಾಕಾಗಿತ್ತು.

ಖಾರದ ಕೈ

ಮೊದಲ ತಿಂಗಳು ಪ್ರತಿ ಸಲ ಅಕ್ಕನ ಒಪ್ಪಿಗೆ ಬೇಕಾಗುವ ಬಗೆಯನ್ನೇ ಇಟ್ಟಿದ್ದೆವು, ಭಯ ಇತ್ತಲ್ಲ. ಮೆಣಸಿನಕಾಯಿ ಕಾಲ. ಅಕ್ಕ ಇಡೀ ದಿನ ಒಣ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂರುತ್ತಾಳೆ. ಇಲ್ಲಿ ಹುಡುಗ ಝೆರಾಕ್ಸ್ ಅಂಗಡಿ ಮುಂದೆ 36 ರೂಪಾಯಿಗೆ ನಿಂತಿದ್ದಾನೆ, ಹಿಂದೆ ಹತ್ತು ಜನ ಸಾಲು. ಅಲ್ಲಿ ಅಕ್ಕನ ಫೋನ್ ಟಿಂಗ್ ಅನ್ನುತ್ತದೆ. ಎದ್ದು ಕೈ ತೊಳೆದು, ಸೀರೆಗೆ ಒರೆಸಿ, ಕನ್ನಡಕ ಹುಡುಕಿ ಪಿನ್ ಹಾಕಬೇಕು. ಒಂದು ದಿನ ಹುಡುಗ ಕಾಯುತ್ತಾನಲ್ಲ ಅಂತ ತೊಳೆಯದ ಕೈಯಲ್ಲೇ ಪಿನ್ ಒತ್ತಿದಳು, ಆಮೇಲೆ ಅದೇ ಫೋನನ್ನು ಕಿವಿಗೆ, ಕೆನ್ನೆಗೆ ಹಿಡಿದು ನನ್ನ ಜೊತೆ ಮಾತಾಡಿದಳು, ಬೆವರು ಒರೆಸಿಕೊಳ್ಳುವಾಗ ಕಣ್ಣಿಗೂ ತಾಗಿತು. ಸಂಜೆವರೆಗೂ ಉರಿ. "ತಮ್ಮಾ, ಅವನ ಝೆರಾಕ್ಸಿಗೆ ನನ್ನ ಕಣ್ಣ ಹೋಗತಾವು, ಬ್ಯಾರೆ ಏನಾರ ಮಾಡು" ಅಂದಳು.

ತಿಂಗಳ ಮಿತಿಗೆ ಬದಲಾಯಿಸಿದೆವು. 2500. ಅವನ ಲೆಕ್ಕಕ್ಕೆ 2000, ಏನಾದರೂ ಹೆಚ್ಚಿಗೆ ಬಂದರೆ ಅಂತ 500.

ಆಗ ಹೊಸ ತಕರಾರು. ಪ್ರತಿ ಖರ್ಚೂ ಅಕ್ಕನ ಫೋನಿನಲ್ಲಿ ಕಾಣುತ್ತದೆ. 30 ರೂಪಾಯಿ ಮಿರ್ಚಿ ತಿಂದರೆ "ಎಣ್ಣೀದು ಯಾಕ ತಿಂದಿ" ಅಂತ ಫೋನ್, ಏನೂ ತಿನ್ನದಿದ್ದರೆ "ಇವತ್ತ ಯಾಕ ಏನೂ ತಿಂದಿಲ್ಲ" ಅಂತ ಫೋನ್. ಹುಡುಗ ಬೇಸರದಿಂದ ನಗದೇ ಕೊಡ್ರಿ ಅಂದ. ನನಗೆ ಅವನ ಮಾತು ಸರಿ ಅನ್ನಿಸಿತು. 16 ವರ್ಷದ ಹುಡುಗನಿಗೆ ಒಂದಿಷ್ಟು ತನ್ನದು ಅಂತ ಇರಬೇಕು. ಪ್ರತಿ ರೂಪಾಯಿಗೂ ಉತ್ತರ ಕೊಡಬೇಕು ಅಂದರೆ ಅವನು ಮತ್ತೆ ಮುಚ್ಚಿಡಲು ಕಲಿಯುತ್ತಾನೆ, ಮುಚ್ಚಿಟ್ಟದ್ದಕ್ಕೇ ಅಲ್ವಾ ಆರು ದಿನ ಹೋದದ್ದು? ಅಕ್ಕನನ್ನು ಕೂರಿಸಿ ಮಾತಾಡಿದೆ. 200ರ ಒಳಗಿನದ್ದಕ್ಕೆ ಕೇಳುವಂತಿಲ್ಲ. ಮೇಲಿನದ್ದಕ್ಕೆ ಹುಡುಗನೇ ಮೊದಲು ಹೇಳಬೇಕು. ಮೊದಮೊದಲು ಅವಳಿಗೆ ಕಷ್ಟವಾಯಿತು, ಈಗಲೂ ನೋಡುತ್ತಾಳೆ, ಆದರೆ ಫೋನ್ ಮಾಡುವುದಿಲ್ಲ.

ನಗದನ್ನು ಪೂರ್ತಿ ಬಿಟ್ಟಿಲ್ಲ. ಕಾಲೇಜಿನ ಐಡಿ ಕಾರ್ಡಿನ ಹಿಂದೆ 200ರ ಒಂದು ನೋಟು ಮಡಚಿ ಇಟ್ಟಿದ್ದಾನೆ. ಫೋನ್ ಚಾರ್ಜ್ ಮುಗಿದರೆ, ನೆಟ್‌ವರ್ಕ್ ಇಲ್ಲದಿದ್ದರೆ, ಮನೆ ಸೇರುವಷ್ಟು ಕೈಯಲ್ಲಿರಬೇಕು.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಹುಡುಗ ನನ್ನ ಆಫೀಸಿಗೆ ಫೋನ್ ಮಾಡಿದ. ಸ್ಕಾಲರ್‌ಶಿಪ್ ಬಂದಿದೆ, ಲಿಂಕ್ ಒತ್ತಿ ಅಂತ ಮೆಸೇಜ್ ಬಂದಿತ್ತು. "ಮಾಮಾ, ಒತ್ತಿಬಿಟ್ಟೇನ್ರಿ, ಆದ್ರ ಏನೂ ತುಂಬಿಲ್ಲ" ಅಂದ. ಒತ್ತಿ ಎರಡು ನಿಮಿಷವೂ ಆಗಿರಲಿಲ್ಲ. ಫೋನಿನ ಡೇಟಾ ಬಂದ್ ಮಾಡು, ಹೊಸ ಆ್ಯಪ್ ಏನಾದರೂ ಇಳಿದಿದೆಯಾ ನೋಡು, ಸಂಜೆ ಬಾ ಅಂದೆ. ಬಂದ, ಇಬ್ಬರೂ ಕೂತು ಪೂರ್ತಿ ನೋಡಿದೆವು. ಏನೂ ಆಗಿರಲಿಲ್ಲ. ಆಗಿದ್ದರೂ ಅವತ್ತು ಅಕ್ಕನ ಖಾತೆಯಲ್ಲಿ ಇದ್ದದ್ದು 1100 ರೂಪಾಯಿ.

ಮೊನ್ನೆ ಊರಿಗೆ ಹೋಗಿದ್ದೆ. ಭಾವ ಈಗ ತಮ್ಮ ಫೋನಿನಲ್ಲಿ ಯುಪಿಐ ಬಳಸುವುದನ್ನು ಕಲಿತಿದ್ದಾರೆ, ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಹೋದಾಗ ಚಹಾಕ್ಕೂ ಅದರಲ್ಲೇ ಕೊಡುತ್ತಾರೆ. ಅಂದರೆ ಮೆಣಸಿನಕಾಯಿ ದುಡ್ಡಿರುವ ಅದೇ ಖಾತೆಯಿಂದ. ಊಟ ಮಾಡುತ್ತಾ ಕೂತಿದ್ದವರು ತಲೆ ಎತ್ತದೆ ಕೇಳಿದರು, "ಆ ಸರ್ಕಲ್ಲಿನ್ಯಾಗ ಎಷ್ಟ ಮಂದೀನ ಹಾಕಬಹುದು?"

"ಐದು" ಅಂದೆ.

"ಹಂಗಾದ್ರ ನನ್ನೂ ನಿಮ್ಮಕ್ಕನ ಖಾತೆಕ್ಕ ಹಚ್ಚಿಬಿಡು. ಮಾರ್ಕೆಟ್ಟಿನ ಗದ್ದಲದಾಗ ನಾನರ ಏನ್ ಓದತೇನಿ."

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈ ತೊಳೆದುಕೊಂಡು, ಫೋನ್ ತಂದಳು.